ಕತ್ತಲೆಯೊಳಗಿನ ಕೈಕೆಲಸ

ಧ್ಯಾನಕ್ಕಾಗಿ ಓದತಕ್ಕ ಭಾಗ: 8ನೆಯ ಕೀರ್ತನೆ



ಈ ತಿಂಗಳು ಎಂಟನೆಯ ಕೀರ್ತನೆಯನ್ನು ನಿಮ್ಮ ನಿಮ್ಮ ಮನೆಗಳಲ್ಲಿ ತೆರೆದು, ಓದುಬಲ್ಲವರು ಓದುಬಾರದವರಿಗೆ ಕೇಳುವಂತೆ ನಿಧಾನವಾಗಿ ಓದಿರಿ. ಅದರಲ್ಲಿ ಒಬ್ಬ ಮನುಷ್ಯನು ರಾತ್ರಿಯಲ್ಲಿ ಹೊರಗೆ ನಿಂತು ಆಕಾಶವನ್ನು ನೋಡುತ್ತಾನೆ. ಚಂದ್ರನನ್ನೂ ನಕ್ಷತ್ರಗಳನ್ನೂ ಕಂಡು ಮೊದಲು ಸ್ತುತಿಸುತ್ತಾನೆ. ಆಮೇಲೆ ತನ್ನನ್ನು ತಾನೇ ನೋಡಿಕೊಂಡು ಬೆರಗಾಗುತ್ತಾನೆ. ಇಷ್ಟು ದೊಡ್ಡ ಕೆಲಸವನ್ನು ಮಾಡಿದಾತನು ಇಷ್ಟು ಚಿಕ್ಕವನಾದ ಮನುಷ್ಯನನ್ನು ಯಾಕೆ ನೆನಸಬೇಕು ಎಂಬದೇ ಅವನ ಬೆರಗು.

ಈ ಪ್ರಶ್ನೆಯು ಬಹು ಹಳೆಯದಾದರೂ ನಮ್ಮ ಕೊಡಗು ಸೀಮೆಯ ಸಭೆಗಳಲ್ಲಿ ಇಂದಿಗೂ ಜೀವವುಳ್ಳದ್ದಾಗಿದೆ. ತೋಟದ ಲೈನ್‌ಮನೆಯಲ್ಲಿ ವಾಸಿಸಿ ಕಾಫಿ ಕೊಯ್ಯುವ ತಾಯಿಯೂ, ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವ ಅಜ್ಜನೂ ತಮ್ಮ ತಮ್ಮ ಮಾತಿನಲ್ಲಿ ಅದನ್ನು ಕೇಳುವರು. ಪಟ್ಟಣದಲ್ಲಿ ಓದಿ ರಜೆಗೆ ಬಂದ ಹುಡುಗನಾದರೋ ದೂರದರ್ಶಕ ಯಂತ್ರಗಳಿಂದ ತೆಗೆದ ಆಕಾಶದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ, ವಿಶ್ವವು ಇಷ್ಟು ದೊಡ್ಡದಾಗಿದ್ದರೆ ನಮ್ಮ ಹಳ್ಳಿಯ ಪ್ರಾರ್ಥನೆ ಎಲ್ಲಿಗೆ ಮುಟ್ಟೀತು ಎಂದು ಕೇಳುವನು. ಅಂಥವನನ್ನು ಗದರಿಸಿ ಬಾಯಿ ಮುಚ್ಚಿಸುವದು ಸರಿಯಲ್ಲ. ಆ ಚಿತ್ರಗಳನ್ನು ಅವನ ಪಕ್ಕದಲ್ಲಿ ಕೂತು ಚೆನ್ನಾಗಿ ನೋಡುವದೇ ಸರಿ. ಹಾಗೆ ನೋಡೋಣ.

ಹುತ್ತರಿ ಕಳೆದು ಮೋಡ ಹರಿದ ಮೇಲೆ, ತಿಂಗಳಿಲ್ಲದ ರಾತ್ರಿಯಲ್ಲಿ ದೀಪಗಳಿಂದ ಸ್ವಲ್ಪ ದೂರ ಹೋಗಿ ಕಣದಲ್ಲಿ ನಿಂತರೆ, ಬರಿಗಣ್ಣಿಗೆ ಎರಡು ಮೂರು ಸಾವಿರ ನಕ್ಷತ್ರಗಳು ಕಾಣುವವು. ದಾವೀದನು ಕಂಡದ್ದೂ ಇಷ್ಟೇ. ಮಾಗಿಯ ರಾತ್ರಿಯಲ್ಲಿ ಸಾಲಾಗಿ ನಿಂತಿರುವ ಮೂರು ನಕ್ಷತ್ರಗಳನ್ನು ನೀವೆಲ್ಲರೂ ಬಲ್ಲಿರಿ. ಅವುಗಳಿಗೆ ದಕ್ಷಿಣವಾಗಿ ಒಲೆಯ ಹೊಗೆಯ ಹಾಗೆ ಮಬ್ಬಾದ ಒಂದು ಚುಕ್ಕೆ ಇದೆ. ದೂರದರ್ಶಕದಲ್ಲಿ ನೋಡಿದಾಗ ಅದು ಹೊಳೆಯುವ ಅನಿಲದ ಮೇಘವೆಂದೂ, ಅದರೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಲಿರುವವೆಂದೂ ತಿಳಿದುಬಂದಿದೆ.

ಅದು ಎಷ್ಟು ದೂರ? ಮೈಲು ಕಿಲೋಮೀಟರುಗಳ ಲೆಕ್ಕವು ಇಲ್ಲಿ ಸಾಲದಾದ್ದರಿಂದ ಪಂಡಿತರು ಬೆಳಕಿನ ಓಟದಿಂದ ಅಳೆಯುವರು. ಬೆಳಕು ಒಂದು ಸೆಕೆಂಡಿನಲ್ಲಿ ಸುಮಾರು 3 ಲಕ್ಷ ಕಿಲೋಮೀಟರ್ ಓಡುವದು. ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ 8 ನಿಮಿಷಗಳಿಗಿಂತ ಸ್ವಲ್ಪ ಹೆಚ್ಚು ಬೇಕು. ಸೂರ್ಯನ ಹೊರತಾಗಿ ನಮಗೆ ಅತಿ ಸಮೀಪವಾದ ನಕ್ಷತ್ರದಿಂದ ಬರಲು 4 ವರ್ಷಗಳಿಗಿಂತ ಹೆಚ್ಚು ಬೇಕು. ಆ ಮಬ್ಬು ಮೇಘದ ಬೆಳಕಾದರೋ ಸುಮಾರು 1,300 ವರ್ಷಗಳ ಹಿಂದೆ, ಬಾದಾಮಿಯ ಚಾಲುಕ್ಯರು ಕನ್ನಡ ನಾಡನ್ನು ಆಳುತ್ತಿದ್ದಾಗ, ಹೊರಟು ಈ ರಾತ್ರಿ ನಮ್ಮ ಕಣ್ಣಿಗೆ ಬಂದು ಮುಟ್ಟುತ್ತದೆ. ಇದು ನೆರೆಮನೆಯ ದೂರ ಮಾತ್ರ. ನಮ್ಮ ಆಕಾಶಗಂಗೆಯ ಆಚೆ ಅಂಥವೇ ಬೇರೆ ನಕ್ಷತ್ರಲೋಕಗಳುಂಟು. ಗೆಲಾಕ್ಸಿಗಳೆಂದು ಶಾಲೆಯ ಮಕ್ಕಳು ಓದುವದು ಇವುಗಳನ್ನೇ. ಅವುಗಳಲ್ಲಿ ದೊಡ್ಡದಾದ ನಮ್ಮ ನೆರೆಯವಳು ಆಂಡ್ರೊಮಿಡಾ; ಅಲ್ಲಿಂದ ಬೆಳಕು ಬರಲು ಸುಮಾರು 25 ಲಕ್ಷ ವರ್ಷ ಬೇಕು.

ಈಗ ನಾನು ಹೇಳತಕ್ಕ ಸಂಗತಿಯನ್ನು ಮನಸ್ಸಿಟ್ಟು ಕೇಳಿರಿ. ಈ ಪ್ರಸಂಗವೆಲ್ಲವೂ ಅದರ ಮೇಲೆ ನಿಂತಿದೆ.

1990ರ ಏಪ್ರಿಲಿನಲ್ಲಿ ಅಮೇರಿಕದವರೂ ಯೂರೋಪಿನವರೂ ಕೂಡಿ ಹಬಲ್ ಎಂಬ ದೂರದರ್ಶಕವನ್ನು ಭೂಮಿಯ ಸುತ್ತಲೂ ತಿರುಗುವಂತೆ ಮೇಲಕ್ಕೆ ಕಳುಹಿಸಿದರು. ಐದು ವರ್ಷಗಳಾದ ಮೇಲೆ, ಅದರ ಕೆಲಸವನ್ನು ನಡಿಸುತ್ತಿದ್ದ ಸಂಸ್ಥೆಯ ಮುಖ್ಯಸ್ಥರಾದ ರಾಬರ್ಟ್ ವಿಲಿಯಮ್ಸ್ ಎಂಬವರು ಅದನ್ನು ಸಪ್ತರ್ಷಿ ಮಂಡಲದ ಕಡೆಯಲ್ಲಿ ಏನೂ ಇಲ್ಲದಂತೆ ತೋರುವ ಕತ್ತಲೆಯ ತುಂಡೊಂದಕ್ಕೆ ತಿರುಗಿಸಿ ಇಡಲು ತೀರ್ಮಾನಿಸಿದರು. ಆ ತುಂಡು ಎಷ್ಟು ಚಿಕ್ಕದೆಂದರೆ, ಚಾಚಿದ ಕೈಯಲ್ಲಿ ಹಿಡಿದ ಒಂದು ಮರಳಿನ ಕಣದಿಂದ ಅದನ್ನು ಮುಚ್ಚಬಹುದು. ಬೆಲೆಯುಳ್ಳ ಹೊತ್ತನ್ನು ಬರಿದಾದ ಕತ್ತಲೆಗೆ ಸುರಿಯುವದು ವ್ಯರ್ಥವೆಂದು ಹೇಳಿದ ಪಂಡಿತರೂ ಇದ್ದರು. ಆದಾಗ್ಯೂ 1995ರ ಡಿಸೆಂಬರ್ 18ರಿಂದ 28ರ ವರೆಗೆ, ಕ್ರಿಸ್ತಜಯಂತಿಯ ವಾರವೆಲ್ಲಾ, ಹತ್ತು ದಿನಗಳು ಆ ಯಂತ್ರವು ಆ ಕತ್ತಲೆಯನ್ನೇ ದೃಷ್ಟಿಸಿ ನೋಡಿತು. 342 ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಕಂಡದ್ದೇನು? ಸುಮಾರು 3,000 ನಕ್ಷತ್ರಲೋಕಗಳು! ಒಂದೊಂದರಲ್ಲಿಯೂ ಕೋಟಿಗಟ್ಟಲೆ ಸೂರ್ಯರು. ಕೆಲವು ಸುಳಿಯಂತೆ ಸುತ್ತಿಕೊಂಡಿವೆ, ಕೆಲವು ಮೊಟ್ಟೆಯಂತೆ ದುಂಡಗಿವೆ. ಕೆಲವು ನೀಲಿ, ಕೆಲವು ಕೆಂಡದ ಬಣ್ಣ. ಮನುಷ್ಯನು ಬರಿದೆಂದು ತಳ್ಳಿಬಿಟ್ಟ ಮೂಲೆಯು ತುಂಬಿದ ಕಣಜವಾಗಿತ್ತು.

ಇದು ಪರದೇಶದವರ ಸುದ್ದಿ ಮಾತ್ರವೆಂದು ನೆನಸಬೇಡಿರಿ. ನಮ್ಮ ನಾಡಿನಲ್ಲಿಯೇ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಇತರರೊಂದಿಗೆ ಸೇರಿ ಒಂದು ದೂರದರ್ಶಕವನ್ನು ಕಟ್ಟಿದರು. ಹೊಸಕೋಟೆಯಲ್ಲಿರುವ ತಮ್ಮ ಪ್ರಯೋಗಶಾಲೆಯಲ್ಲಿ ಅದನ್ನು ಜೋಡಿಸಿ ಪರೀಕ್ಷಿಸಿದರು. ಅದು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹೊರಟ ಆಸ್ಟ್ರೋಸ್ಯಾಟ್ ಎಂಬ ಆಕಾಶನೌಕೆಯಲ್ಲಿ ಕೂತು ಸುಮಾರು 650 ಕಿಲೋಮೀಟರ್ ಮೇಲಕ್ಕೆ ಹೋಯಿತು. ಮಳೆಬಿಲ್ಲಿನ ನೇರಳೆ ಬಣ್ಣಕ್ಕೂ ಆಚೆ ನಮ್ಮ ಕಣ್ಣಿಗೆ ಕಾಣದ ಬೆಳಕೊಂದುಂಟು. ಅದರ ಬಹುಭಾಗವನ್ನು ಭೂಮಿಯ ಗಾಳಿಯು ತಡೆದುಬಿಡುವದರಿಂದ ಗಾಳಿಯ ಮೇಲಕ್ಕೆ ಹೋಗಿಯೇ ಅದನ್ನು ನೋಡಬೇಕು. ಇಂಥ ಬೆಳಕನ್ನು ಹಿಡಿಯುವ ಕನ್ನಡಿಯ ಮೇಲೆ ಎಣ್ಣೆಯ ಆವಿಯ ತೆಳ್ಳನೆಯ ಪೊರೆ ಕೂತರೂ ಕೆಡುಕು. ಆದಕಾರಣ ಅದನ್ನು ಬಹು ಶುಚಿಯಾದ ಕೋಣೆಯಲ್ಲಿ ಸಿದ್ಧಮಾಡಿದರು. ಮೇಲಕ್ಕೆ ಹೋದ ಬಳಿಕವೂ ನೌಕೆಯೊಳಗಿನ ಆವಿಯೆಲ್ಲಾ ಹೊರಟುಹೋಗಲೆಂದು ಸುಮಾರು ಎರಡು ತಿಂಗಳು ಅದರ ಮುಚ್ಚಳವನ್ನು ತೆರೆಯದೆ ಕಾದರು.

ಅದರಲ್ಲಿರುವ ಕನ್ನಡಿಯ ಅಗಲ ಸುಮಾರು 38 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕೂ ಕಡಿಮೆ. ಹಬಲಿನ ಕನ್ನಡಿಯಾದರೋ 2.4 ಮೀಟರ್. ಹೀಗಿರಲಾಗಿ, 2016ರ ಅಕ್ಟೋಬರಿನಲ್ಲಿ ನಮ್ಮ ಈ ಚಿಕ್ಕ ಯಂತ್ರವು, ಹಬಲು ಮೊದಲೇ ಆಳವಾಗಿ ನೋಡಿದ್ದ ಆಕಾಶದ ಒಂದು ಭಾಗವನ್ನು 28 ಗಂಟೆಗಳಿಗಿಂತ ಹೆಚ್ಚು ಹೊತ್ತು ನೋಡಿತು. ಪುಣೆಯ ಕನಕ್ ಸಾಹಾ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಹಲವು ದೇಶಗಳ ಪಂಡಿತರು ಆ ಚಿತ್ರಗಳನ್ನು ಬಹುಕಾಲ ಪರಿಶೋಧಿಸಿ, 930 ಕೋಟಿ ಜ್ಯೋತಿರ್ವರ್ಷಗಳ ದೂರದ ಒಂದು ನಕ್ಷತ್ರಲೋಕದಿಂದ ಬಂದ ತೀಕ್ಷ್ಣವಾದ ನೇರಳಾತೀತ ಬೆಳಕು ಅದರಲ್ಲಿ ಸಿಕ್ಕಿದೆಯೆಂದು 2020ರ ಆಗಸ್ಟಿನಲ್ಲಿ ಪ್ರಕಟಿಸಿದರು. ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಓಡುವ ದೂರ. ದೊಡ್ಡ ಹಬಲಿಗೆ ಸಿಕ್ಕದ ಆ ಬೆಳಕು ಚಿಕ್ಕದಕ್ಕೆ ಹೇಗೆ ಸಿಕ್ಕಿತು? ಯಂತ್ರದೊಳಗೆ ತಾನಾಗಿಯೇ ಹುಟ್ಟುವ ಸುಳ್ಳು ಮಿನುಗು ಒಂದುಂಟು. ಅದು ಹೆಚ್ಚಾದರೆ ಹೊರಗಿನಿಂದ ಬರುವ ಕ್ಷೀಣವಾದ ಬೆಳಕು ಅದರಲ್ಲಿ ಮುಳುಗಿಹೋಗುವದು. ನಮ್ಮ ಯಂತ್ರದಲ್ಲಿ ಆ ಒಳಗಿನ ಗದ್ದಲವು ಬಹು ಕಡಿಮೆಯಾಗಿತ್ತು. ದೊಡ್ಡದಾಗಿದ್ದದ್ದರಿಂದಲ್ಲ, ಒಳಗೆ ಶಾಂತವಾಗಿದ್ದದ್ದರಿಂದ ಅದು ಕಂಡಿತು.

ಇನ್ನು 2021ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಜೇಮ್ಸ್ ವೆಬ್ ಎಂಬ ಇನ್ನೂ ದೊಡ್ಡ ದೂರದರ್ಶಕವು ಹೊರಟಿತು. ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಇದೆ. ಚಿನ್ನದ ಲೇಪವುಳ್ಳ 18 ಕನ್ನಡಿಗಳು ಸೇರಿ ಅದಕ್ಕೆ 6.5 ಮೀಟರ್ ಅಗಲದ ಒಂದೇ ಕಣ್ಣಾಗಿವೆ. ಒಲೆ ಆರಿ ಬೆಳಕು ಹೋದ ಮೇಲೂ ಬೂದಿಯೊಳಗಿನ ಬಿಸಿಯು ಕೈಗೆ ತಾಗುವದಷ್ಟೆ. ಅಂಥ ಕಾಣದ ಬಿಸಿ ಬೆಳಕನ್ನು ಈ ಯಂತ್ರವು ಹಿಡಿಯುವದು. ಅದು ಧೂಳಿನ ಮೇಘಗಳನ್ನು ತೂರಿ ಬರುವದರಿಂದ, ಮೊದಲು ಕಪ್ಪು ಗೋಡೆಯಂತೆ ಕಂಡ ಕಡೆಗಳಲ್ಲಿ ಎಳೆಯ ನಕ್ಷತ್ರಗಳು ಗುಂಪುಗುಂಪಾಗಿ ಕಾಣಿಸಿಕೊಂಡವು.

ಆ ಚಿತ್ರಗಳ ಬಣ್ಣಗಳೆಲ್ಲಾ ಮನುಷ್ಯರು ಹಚ್ಚಿದವುಗಳಲ್ಲವೇ, ಅದು ಮೋಸವಲ್ಲವೇ ಎಂದು ಕೆಲವರು ಸಂಶಯಪಡುವರು. ಕಣ್ಣಿಗೆ ಕಾಣದ ಬೆಳಕಿಗೆ ನಾವು ಹೆಸರಿಟ್ಟಿರುವ ಬಣ್ಣವಿಲ್ಲವೆಂಬದು ನಿಜ. ಆದರೆ ಆ ಬೆಳಕಿನಲ್ಲಿಯೂ ಉದ್ದವಾದ ಅಲೆಗಳೂ ಗಿಡ್ಡವಾದ ಅಲೆಗಳೂ ಇವೆ. ಉದ್ದವಾದವುಗಳಿಗೆ ಕೆಂಪನ್ನೂ ಗಿಡ್ಡವಾದವುಗಳಿಗೆ ನೀಲಿಯನ್ನೂ ಕ್ರಮವಾಗಿ ಕೊಟ್ಟು ನಮ್ಮ ಕಣ್ಣು ತಿಳುಕೊಳ್ಳುವಂತೆ ಮಾಡುವರು. ಇಬ್ರಿಯ ಗ್ರೀಕ್ ಭಾಷೆಗಳಲ್ಲಿದ್ದ ಸತ್ಯವೇದವು ಕನ್ನಡದಲ್ಲಿ ನಮ್ಮ ಕೈಗೆ ಬಂದದ್ದು ಮೋಸವೋ? ಅಲ್ಲವಲ್ಲ. ಇದೂ ಅಂಥ ಭಾಷಾಂತರವೇ.

ಪ್ರಿಯರೇ, ಇವುಗಳಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದಾಗಿ, ನೋಡುವವರಿಲ್ಲದ ಕಡೆಯಲ್ಲಿಯೂ ದೇವರು ತನ್ನ ಕೆಲಸವನ್ನು ಅಂದವಾಗಿ ಮಾಡುತ್ತಾನೆ. ಆ 3,000 ನಕ್ಷತ್ರಲೋಕಗಳು 1995ರಲ್ಲಿ ಹುಟ್ಟಿದವುಗಳಲ್ಲ. ಮನುಷ್ಯನ ಕಣ್ಣೇ ಇಲ್ಲದ ಕಾಲದಿಂದ ಅವು ಅಲ್ಲಿ ಬೆಳಗುತ್ತಿದ್ದವು. ಹೊಗಳುವವರಿಲ್ಲವೆಂದು ಒಂದು ಸುಳಿಯನ್ನಾದರೂ ಆತನು ಅರೆಮಾಡಿ ಬಿಟ್ಟದ್ದಿಲ್ಲ. ಪುಷ್ಪಗಿರಿಯ ಕಾಡಿನಲ್ಲಿ ಮನುಷ್ಯರು ಕಾಲಿಡದ ಕಡೆ ಅರಳಿ ಉದುರುವ ಹೂವನ್ನೂ ಆತನು ಹಾಗೆಯೇ ಮಾಡಿದ್ದಾನೆ. ಒಂದು ದಿನ ಇದ್ದು ಮರುದಿನ ಒಣಗುವ ಅಡವಿಯ ಹೂವುಗಳನ್ನು ನಮ್ಮ ಕರ್ತನು ತೋರಿಸಿ ಕಲಿಸಿದ್ದು ನಿಮ್ಮ ನೆನಪಿನಲ್ಲಿದೆಯಷ್ಟೆ.

ಹಾಗಾದರೆ ಯಾರೂ ನೋಡದ ನಿನ್ನ ಜೀವನವು ಆತನಿಗೆ ಬರಿದಾದ ಕತ್ತಲೆಯೆಂದು ಯಾಕೆ ನೆನಸುತ್ತೀ? ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ತೊಳೆದು ಉಣಿಸಿದ ಸೊಸೆಯ ಹೆಸರು ಯಾವ ಪತ್ರಿಕೆಯಲ್ಲಿಯೂ ಬರಲಾರದು. ತೂಕದಲ್ಲಿ ಮೋಸಮಾಡಬಹುದಾಗಿದ್ದಾಗ ಮಾಡದೆ ಬಿಟ್ಟ ಕೂಲಿಯವನನ್ನು ರೈಟರನು ಅರಿಯನು. ಐದೇ ಮನೆಗಳುಳ್ಳ ಚಿಕ್ಕ ಸಭೆಯು ಮಳೆಯ ರಾತ್ರಿಯಲ್ಲಿ ಕೂಡಿ ಹಾಡಿದ ಹಾಡನ್ನು ಹೊರಗಿನವರಾರೂ ಕೇಳರು. ಇವುಗಳನ್ನು ನೋಡುವಾತನು ಒಬ್ಬನಿದ್ದಾನೆ. ಆದದರಿಂದ ಕಾಣದ ಕೆಲಸವನ್ನು ಅರೆಮನಸ್ಸಿನಿಂದ ಮಾಡಬೇಡಿರಿ. ಬೇರೊಬ್ಬರನ್ನು ಬರಿದಾದವರೆಂದು ತಳ್ಳಿಬಿಡಲೂ ಬೇಡಿರಿ. ಮಂದಬುದ್ಧಿಯ ಹುಡುಗ, ಕುಡಿದು ಕೆಟ್ಟವನು, ಹಾಡಿಯಿಂದ ಬಂದು ಮೂಲೆಯಲ್ಲಿ ಕೂತವನು, ಇವರಲ್ಲಿ ಏನೂ ಇಲ್ಲವೆಂದು ನಾವು ಹೇಳುವದು ಎಷ್ಟು ಹೊತ್ತು ನೋಡಿದ ಮೇಲೆ? ಆ ಕತ್ತಲೆಯ ತುಂಡನ್ನು ಹತ್ತು ದಿನ ಬಿಡದೆ ನೋಡಿದ್ದರಿಂದ ಅದರೊಳಗಿದ್ದದ್ದು ಕಂಡಿತು. ನಮ್ಮ ಹೃದಯದೊಳಗಿನ ಗದ್ದಲವೂ ಆವಿಯೂ ಕಡಿಮೆಯಾದರೆ ನಾವೂ ನೆರೆಯವನಲ್ಲಿ ದೇವರ ಕೈಕೆಲಸವನ್ನು ಕಂಡೇವು.

ಎರಡನೆಯದಾಗಿ, ನಕ್ಷತ್ರಗಳು ಕೈಕೆಲಸವೇ ಹೊರತು ಕೆಲಸಗಾರನಲ್ಲ. ಅವುಗಳಿಗೆ ನಾವು ಭಯಪಡತಕ್ಕದ್ದಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕೊಡಗಿನಲ್ಲಿ ಸೂರ್ಯನು ಬೆಂಕಿಯ ಬಳೆಯಂತೆ ಕಂಡದ್ದು ನಿಮಗೆ ನೆನಪಿದೆ. ದಕ್ಷಿಣದ ಕುಟ್ಟದ ಕಡೆಗೆ ಅದನ್ನು ನೋಡಲು ದೂರದ ಊರುಗಳಿಂದ ಜನರು ಬಂದಿದ್ದರು. ಅದೇ ಹೊತ್ತಿನಲ್ಲಿ ಕದ ಮುಚ್ಚಿ ಒಲೆ ಹಚ್ಚದೆ ನಡುಗುತ್ತಾ ಕೂತವರೂ ಇದ್ದರು. ಚಂದ್ರನು ಸೂರ್ಯನಿಗೆ ಅಡ್ಡವಾಗಿ ಬರುವ ಗಳಿಗೆಯನ್ನು ಪಂಡಿತರು ಬಹು ವರ್ಷಗಳ ಮೊದಲೇ ನಿಮಿಷ ತಪ್ಪದೆ ಲೆಕ್ಕಮಾಡಿದ್ದರು. ಹಾಗೆ ಲೆಕ್ಕಕ್ಕೆ ಸಿಕ್ಕುವದು ದೇವರು ಇಟ್ಟ ಕ್ರಮದಿಂದಲೇ. ಮಗುವಿನ ಕಾಯಿಲೆಗೂ ಮಗಳ ಮದುವೆ ತಡವಾದದ್ದಕ್ಕೂ ಗ್ರಹಚಾರವೆಂದು ಹೇಳಿ ಹಣ ಕಳಕೊಳ್ಳುವದನ್ನು ಬಿಟ್ಟು, ಮಗುವನ್ನು ವೈದ್ಯರ ಬಳಿಗೆ ಕರಕೊಂಡು ಹೋಗಿರಿ. ಆದರೆ ಭಯಪಡುವ ನೆರೆಯವರನ್ನು ನೋಡಿ ನಗಬೇಡಿರಿ. ಅವರ ಕೈಹಿಡಿದು ಹೊರಗೆ ಕರೆದು, ಕಣ್ಣಿಗೆ ತಕ್ಕ ಮರೆ ಕೊಟ್ಟು, ತೋರಿಸಿರಿ.

ಮೂರನೆಯದು ಕಠಿಣವಾದದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಕರಗಿ ಇಳಿದವು. ಮನೆ, ತೋಟ, ಗದ್ದೆ, ಕೆಲವು ಕುಟುಂಬಗಳಲ್ಲಿ ಜೀವಗಳೂ ಹೋದವು. ಆ ಮಣ್ಣಿನ ಮುಂದೆ ನಿಂತವನಿಗೆ, ನಕ್ಷತ್ರಗಳನ್ನು ನೋಡು, ದೇವರು ಎಷ್ಟು ದೊಡ್ಡವನು, ಎಂದು ಹೇಳುವದು ಗಾಯಕ್ಕೆ ಉಪ್ಪು ಹಾಕಿದಂತೆ. ಕೋಟಿ ಸೂರ್ಯರನ್ನು ಹಿಡಿದಿರುವ ಕೈ ನನ್ನ ಮನೆಯ ಹಿಂದಿನ ದಿಣ್ಣೆಯನ್ನು ಯಾಕೆ ಹಿಡಿಯಲಿಲ್ಲ ಎಂದು ಅವನು ಕೇಳಿದರೆ, ಯಾವ ದೂರದರ್ಶಕವೂ ಉತ್ತರ ಕೊಡದು. ನಾವೂ ಅವಸರದಿಂದ ಉತ್ತರ ಕೊಡಬಾರದು. ಯೋಬನ ಸ್ನೇಹಿತರು ಅವಸರಪಟ್ಟು ಗದರಿಕೆಗೆ ಗುರಿಯಾದರು.

ಆಕಾಶವು ದೇವರ ಶಕ್ತಿಯನ್ನೂ ಅಂದವನ್ನೂ ತೋರಿಸುವದು. ಆತನ ಕನಿಕರವನ್ನು ಅದರಲ್ಲಿ ಹುಡುಕಿದರೆ ಸಿಕ್ಕದು. 1990ರ ಫೆಬ್ರವರಿ 14ರಂದು ವಾಯೇಜರ್ ಎಂಬ ಆಕಾಶನೌಕೆಯು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂತಿರುಗಿ ನಮ್ಮ ಭೂಮಿಯ ಚಿತ್ರವನ್ನು ತೆಗೆಯಿತು. ಅದರಲ್ಲಿ ಭೂಮಿಯು ಬಿಸಿಲಿನ ಕೋಲಿನಲ್ಲಿ ತೇಲುವ ಧೂಳಿನಂತೆ ಒಂದು ಚುಕ್ಕೆ. ಕೊಡಗೂ ಕಾವೇರಿಯೂ, ಮಡಿದ ನಮ್ಮವರೂ ಅಳುವ ನಮ್ಮವರೂ ಆ ಚುಕ್ಕೆಯೊಳಗೇ. ನಮ್ಮ ನಂಬಿಕೆಯ ಮಾತು ಇದೇ: ಆ ಚುಕ್ಕೆಯ ಮೇಲಿನ ಬೇತ್ಲೆಹೇಮೆಂಬ ಚಿಕ್ಕ ಊರಿನಲ್ಲಿ, ದನಗಳ ಗೋದಲಿಯಲ್ಲಿ, ಸೃಷ್ಟಿಕರ್ತನು ಮನೆಯಿಲ್ಲದವರ ಮಗುವಾಗಿ ಮಲಗಿದನು, ಬೆಳೆದು, ಸ್ನೇಹಿತನ ಸಮಾಧಿಯ ಬಳಿ ಅತ್ತನು, ಶಿಲುಬೆಯ ಮೇಲೆ, ನನ್ನನ್ನು ಯಾಕೆ ಬಿಟ್ಟೆ ಎಂಬ ನಮ್ಮ ಪ್ರಶ್ನೆಯನ್ನು ತಾನೇ ಕೂಗಿದನು. ಚಿಕ್ಕದ್ದನ್ನು ಮರೆಯುವ ದೇವರಾಗಿದ್ದರೆ ಆತನು ಅಲ್ಲಿಗೆ ಇಳಿಯುತ್ತಿರಲಿಲ್ಲ. ಗುಡ್ಡ ಯಾಕೆ ಬಿತ್ತೆಂಬದಕ್ಕೆ ಇದು ಉತ್ತರವಲ್ಲ. ಬಿದ್ದ ಮಣ್ಣಿನ ಬಳಿ ನೀನು ಒಬ್ಬನೇ ನಿಂತಿಲ್ಲವೆಂಬದಕ್ಕೆ ಇದು ಸಾಕ್ಷಿ.

ಕಕ್ಕಡದಲ್ಲಿ ವಾರಗಟ್ಟಲೆ ಒಂದು ನಕ್ಷತ್ರವಾದರೂ ಕಾಣದು. ಆದರೂ ನಕ್ಷತ್ರಗಳು ಆರಿಹೋದವೆಂದು ನಮ್ಮಲ್ಲಿ ಯಾರೂ ಹೇಳುವದಿಲ್ಲ. ದುಃಖದಲ್ಲಿರುವವರಿಗೆ ಮೋಡ ಹರಿಯುವ ತನಕ ನಾವೇ ದೀಪ ಹಿಡಿಯಬೇಕು. ಆ ಆಗಸ್ಟಿನಲ್ಲಿ ಮತವನ್ನೂ ಕುಲವನ್ನೂ ಕೇಳದೆ ಗಂಜಿಯನ್ನೂ ಕಂಬಳಿಯನ್ನೂ ಹೊತ್ತು ಪರಿಹಾರ ಶಿಬಿರಗಳಿಗೆ ಹೋದವರು ಹೀಗೆ ಮಾಡಿದರು. ಮಳೆಗಾಲ ವರ್ಷ ವರ್ಷವೂ ಬರುವದು, ಅಂಥವರು ಬೇಕಾಗುವರು.

ಆದಕಾರಣ ಪ್ರಿಯರೇ, ಈ ತಿಂಗಳು ಮೋಡವಿಲ್ಲದ ಒಂದು ರಾತ್ರಿಯಲ್ಲಿ ಊಟವಾದ ಮೇಲೆ ದೀಪವನ್ನು ಆರಿಸಿ ಮಕ್ಕಳನ್ನು ಅಂಗಳಕ್ಕೆ ಕರಕೊಂಡು ಹೋಗಿರಿ. ಆನೆಯ ಭಯವಿರುವ ಕಡೆಯವರು ಮನೆಯ ಜಗಲಿಯಿಂದಲೇ ನೋಡಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು ಒಂದು ಗಳಿಗೆ ಬೇಕು; ಅವಸರಪಡಬೇಡಿರಿ. ಹುಡುಗನು ತನಗೆ ತಿಳಿದದ್ದನ್ನು ಹೇಳಲಿ, ಅಜ್ಜಿಯು ತನಗೆ ತಿಳಿದ ಕೃತ್ತಿಕೆಯನ್ನು ತೋರಿಸಲಿ. ಮಗಳಿಗೆ ಆ ಪಾಠಗಳಲ್ಲಿ ಆಸಕ್ತಿ ಇದ್ದರೆ ಕೊಯ್ಲಿನ ಕೂಲಿಗಾಗಿ ಅವಳ ಶಾಲೆ ಬಿಡಿಸಬೇಡಿರಿ. ಬಳಿಕ ಎಲ್ಲರೂ ಸುಮ್ಮನೆ ನಿಂತು, ಯಾವ ನಕ್ಷತ್ರವೂ ಕಾಣದ ಕಪ್ಪಾದ ಒಂದು ಭಾಗವನ್ನು ಆರಿಸಿಕೊಂಡು ನೋಡಿರಿ, ಮತ್ತು ಅದು ಬರಿದಾಗಿಲ್ಲವೆಂದು ನೆನಸಿರಿ.

ಪ್ರಾರ್ಥಿಸೋಣ. ನಾವು ಕಂಡವುಗಳಿಗೂ ಕಾಣದವುಗಳಿಗೂ ಒಡೆಯನಾದ ತಂದೆಯೇ, ಯಾರೂ ನೋಡದ ಕಡೆಯಲ್ಲಿ ನೀನು ಮಾಡಿದ ಅಂದಕ್ಕಾಗಿ ನಿನಗೆ ಸ್ತೋತ್ರ. ನಮ್ಮೊಳಗಿನ ಗದ್ದಲವನ್ನು ಅಡಗಿಸು. ಮನೆ ಕಳಕೊಂಡವರ ಬಳಿ ನಿಲ್ಲಲು ನಮಗೆ ಕಾಲು ಕೊಡು. ಚಿಕ್ಕವರಾದ ನಮ್ಮನ್ನು ನಿನ್ನ ಮಗನಲ್ಲಿ ನೆನಸಿದ್ದೀ ಎಂಬ ಭರವಸೆಯಲ್ಲಿ ಈ ರಾತ್ರಿ ನಮ್ಮನ್ನು ನಿದ್ರೆಗೊಳಿಸು. ಆಮೆನ್.